ದುಬೈ: ನೆರಳಿಗೆ ದರ ಕಟ್ಟಿದ ಊರು

ದುಬೈಗೆ ಹೋಗುವುದಾದರೆ ನವೆಂಬರಿನಿಂದ ಮಾರ್ಚಿನೊಳಗೆ ಹೋಗಬೇಕು ಎಂದು ಅಲ್ಲಿ ವರ್ಷಗಟ್ಟಲೆ ದುಡಿದವರೆಲ್ಲ ಒಂದೇ ದನಿಯಲ್ಲಿ ಹೇಳುತ್ತಾರೆ. ನಾನು ಹೋದದ್ದು ಮೇ ತಿಂಗಳ ಕೊನೆಯ ವಾರದಲ್ಲಿ. ಹೋಟೆಲುಗಳ ಬಾಡಿಗೆ ಆಗ ಇಳಿದಿರುತ್ತದೆ ಎಂಬುದೊಂದೇ ಅದಕ್ಕೆ ಕಾರಣವಾಗಿತ್ತು. ಆದರೆ ಆರು ದಿನ ಆ ಧಗೆಯಲ್ಲಿ ಓಡಾಡಿದ ಮೇಲೆ, ಈ ನಗರವನ್ನು ಒರೆಗೆ ಹಚ್ಚಲು ಅದಕ್ಕಿಂತ ಸರಿಯಾದ ಕಾಲ ಬೇರೊಂದಿಲ್ಲ ಎನ್ನಿಸಿತು. ಚಳಿಗಾಲದ ಪ್ರವಾಸಿ ಕಟ್ಟಡಗಳನ್ನು ನೋಡಿಕೊಂಡು ಬರುತ್ತಾನೆ. ಈ ಊರಿನ ಮುಖ್ಯ ಸರಕು ತಂಪು ಎಂಬುದು, ಅದನ್ನು ಯಾವ ಅಳತೆಯಲ್ಲಿ ಯಾರಿಗೆ ಎಷ್ಟು ಬೆಲೆಗೆ ಕೊಡಲಾಗುತ್ತದೆ ಎಂಬುದು ಬೇಸಿಗೆಯಲ್ಲಿ ಹೋದವನಿಗಷ್ಟೇ ತಿಳಿಯುತ್ತದೆ.

ಆ ಸರಕಿನ ಅತ್ಯಂತ ಅಗ್ಗದ ಅಂಗಡಿ ಮೆಟ್ರೋ. ವಿಮಾನ ನಿಲ್ದಾಣದ ಒಂದನೆಯ ಮತ್ತು ಮೂರನೆಯ ಟರ್ಮಿನಲ್‌ಗಳೆರಡರಲ್ಲೂ ಕೆಂಪು ಮಾರ್ಗದ ನಿಲ್ದಾಣಗಳಿವೆ. ಟ್ಯಾಕ್ಸಿಯ ಸಾಲಿನಲ್ಲಿ ನಿಲ್ಲುವ ಬದಲು ನೇರವಾಗಿ ಅಲ್ಲಿಗೆ ಹೋಗಿ ಬೆಳ್ಳಿ ಬಣ್ಣದ ನೋಲ್ ಕಾರ್ಡು ಕೊಂಡೆ. ಕಾರ್ಡಿಗೆ 25 ದಿರ್ಹಂ, ಅದರಲ್ಲಿ 19 ದಿರ್ಹಂ ಪ್ರಯಾಣಕ್ಕೆ ಸಿಗುತ್ತದೆ. ಒಂದೇ ವಲಯದೊಳಗಿನ ಪ್ರಯಾಣಕ್ಕೆ 3, ಪಕ್ಕದ ವಲಯಕ್ಕೆ 5, ಎರಡಕ್ಕಿಂತ ಹೆಚ್ಚು ವಲಯಗಳನ್ನು ದಾಟಿದರೆ 7.5 ದಿರ್ಹಂ. ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ, ಹೊರಗೆ ನಲವತ್ತು ಡಿಗ್ರಿ ದಾಟಿರುವ ಮಧ್ಯಾಹ್ನದಲ್ಲಿ, ಶಾಲು ಹೊದೆಯಬೇಕೆನಿಸುವಷ್ಟು ತಣ್ಣಗಿರುವ ಬೋಗಿಯಲ್ಲಿ ಕುಳಿತು ಹೋಗುವುದಕ್ಕೆ ಇದು ಬಹಳ ಕಡಿಮೆ ದರ.

2009ರ ಸೆಪ್ಟೆಂಬರ್ 9ರಂದು ಆರಂಭವಾದ ಈ ಮೆಟ್ರೋ ಚಾಲಕನಿಲ್ಲದೆ ಓಡುತ್ತದೆ. ಎಂಜಿನ್ ಚಾಲಕನ ಕೋಣೆ ಇರಬೇಕಾದ ಜಾಗದಲ್ಲಿ ದೊಡ್ಡದೊಂದು ಗಾಜು ಮಾತ್ರ ಇದ್ದು, ಅದರ ಮುಂದೆ ನಿಂತರೆ ಶೇಖ್ ಜಾಯೆದ್ ರಸ್ತೆಯ ಎರಡೂ ಬದಿಯ ಗೋಪುರಗಳು ಒಂದೊಂದಾಗಿ ನಮ್ಮತ್ತ ನಡೆದು ಬಂದು ಪಕ್ಕಕ್ಕೆ ಸರಿಯುತ್ತವೆ. ಒಂದು ತುದಿಯಲ್ಲಿ ಇಮ್ಮಡಿ ದರದ ಗೋಲ್ಡ್ ಕ್ಲಾಸ್ ಇದೆ. ಹೆಂಗಸರಿಗೂ ಮಕ್ಕಳಿಗೂ ಪ್ರತ್ಯೇಕ ಭಾಗವಿದೆ. ಆ ಭಾಗದ ಗಡಿಯನ್ನು ನೆಲದ ಮೇಲೆ ಗುಲಾಬಿ ಪಟ್ಟೆಯಿಂದ ಗುರುತಿಸಿದ್ದಾರೆ, ಅದನ್ನು ದಾಟಿದ ಗಂಡಸರಿಗೆ 100 ದಿರ್ಹಂ ದಂಡ. ತಿಂದರೆ, ಕುಡಿದರೆ, ಚೂಯಿಂಗ್ ಗಮ್ ಅಗಿದರೆ ಕೂಡ 100 ದಿರ್ಹಂ. ನೀರಿನ ಬಾಟಲಿಯನ್ನು ಎತ್ತಿ ಒಂದು ಗುಟುಕು ಕುಡಿಯಲು ಹೊರಟಿದ್ದ ನನ್ನನ್ನು ಪಕ್ಕದಲ್ಲಿದ್ದ ಫಿಲಿಪೀನ್ಸ್‌ನ ತರುಣಿಯೊಬ್ಬಳು ಕಣ್ಸನ್ನೆಯಲ್ಲೇ ತಡೆದು ನೂರು ದಿರ್ಹಂ ಉಳಿಸಿಕೊಟ್ಟಳು. ಬೋಗಿಗಳ ಶುಚಿತ್ವಕ್ಕೆ ಈ ಭಯವೂ ಒಂದು ಕಾರಣವಿರಬೇಕು. ಸಂಜೆ ಆರರಿಂದ ಎಂಟರವರೆಗೆ ಬುರ್ಜುಮಾನ್ ಮತ್ತು ಯೂನಿಯನ್ ನಿಲ್ದಾಣಗಳಲ್ಲಿ, ಅಂದರೆ ಕೆಂಪು ಮತ್ತು ಹಸಿರು ಮಾರ್ಗಗಳು ಕೂಡುವಲ್ಲಿ, ಕಾಲಿಡಲೂ ಜಾಗವಿರುವುದಿಲ್ಲ ಎಂಬುದನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಭಾನುವಾರಗಳಂದು ರೈಲು ಬೆಳಗ್ಗೆ ಎಂಟಕ್ಕೆ ಶುರುವಾಗುತ್ತದೆ ಎಂಬುದನ್ನೂ.

ಮೆಟ್ರೋಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ತೊಂದರೆ ಇರುವುದು ನಿಲ್ದಾಣದ ಬಾಗಿಲು ದಾಟಿದ ನಂತರದ ಹಾದಿಯಲ್ಲಿ. ನಕ್ಷೆಯಲ್ಲಿ ಅರ್ಧ ಕಿಲೋಮೀಟರ್ ಎಂದು ಕಾಣುವ ದೂರ ಇಲ್ಲಿ ಅರ್ಧ ಕಿಲೋಮೀಟರ್ ಆಗಿರುವುದಿಲ್ಲ. ಹನ್ನೆರಡಕ್ಕೂ ಹೆಚ್ಚು ಸಾಲುಗಳಲ್ಲಿ ಕಾರುಗಳು ಹರಿಯುವ ಹೆದ್ದಾರಿಯ ಆಚೆ ಬದಿಯ ಕಟ್ಟಡ ಕೈಗೆಟಕುವಂತೆ ಕಾಣುತ್ತಿದ್ದರೂ, ಅಲ್ಲಿಗೆ ಹೋಗಲು ಮೆಟ್ರೋ ನಿಲ್ದಾಣದ ಮೇಲ್ಸೇತುವೆಯನ್ನೇ ಹುಡುಕಿಕೊಂಡು ಹಿಂದಕ್ಕೆ ನಡೆಯಬೇಕು. ಸೇತುವೆಯೊಳಗೆ ಎಸಿ ಇದೆ, ಚಲಿಸುವ ನಡೆಹಾದಿ ಇದೆ; ಸೇತುವೆ ಮುಗಿದೊಡನೆ ಕಾಲುದಾರಿಯೂ ಮುಗಿದುಬಿಡಬಹುದು, ಮುಂದೆ ಮರಳಿನ ಖಾಲಿ ನಿವೇಶನವೋ ಕಾರು ನಿಲ್ಲಿಸುವ ಜಾಗವೋ ಎದುರಾಗಬಹುದು. ಕೆಲವು ಬಸ್ ತಂಗುದಾಣಗಳು ಗಾಜಿನ ಬಾಗಿಲಿನ ಎಸಿ ಕೋಣೆಗಳಾಗಿವೆ. ಎಸಿ ಇಲ್ಲದ ತಂಗುದಾಣದಲ್ಲಿ ಜನ ಕಂಬದ ನೆರಳಿನಷ್ಟೇ ಅಗಲದ ಸಾಲಿನಲ್ಲಿ ಒಬ್ಬರ ಹಿಂದೊಬ್ಬರು ನಿಂತಿರುವುದನ್ನು ಕಂಡೆ. ನಡೆಯುವವನನ್ನು ಈ ಊರು ದ್ವೇಷಿಸುವುದಿಲ್ಲ, ಅವನೊಬ್ಬ ಇದ್ದಾನೆ ಎಂಬುದು ನಕ್ಷೆ ಬರೆದವರಿಗೆ ಹೊಳೆದಿಲ್ಲ, ಅಷ್ಟೇ.

ಹೀಗೊಂದು ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ದಾರಿ ತಪ್ಪಿ, ಕಟ್ಟಡವೊಂದರ ಅಡಿಪಾಯದ ಪಕ್ಕದಲ್ಲಿ ನಡೆಯುತ್ತಿದ್ದೆ. ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಂಡು ಕಣ್ಣು ಮಾತ್ರ ಕಾಣುತ್ತಿದ್ದ ಹತ್ತು ಹದಿನೈದು ಮಂದಿ ಕಬ್ಬಿಣದ ಸರಳು ಕಟ್ಟುತ್ತಿದ್ದರು. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ನಿಯಮವಿದೆ. ಒಳ್ಳೆಯ ನಿಯಮ. ಆದರೆ ಬಿಸಿಲಿಗೆ ಪಂಚಾಂಗ ಗೊತ್ತಿಲ್ಲ. ಮೇ ತಿಂಗಳ ಕೊನೆಯ ಆ ದಿನ ಕಾನೂನಿನ ಲೆಕ್ಕದಲ್ಲಿ ಇನ್ನೂ ಬೇಸಿಗೆ ಆಗಿರಲಿಲ್ಲ. ಅವರಲ್ಲೊಬ್ಬ ನನ್ನ ಪೆಚ್ಚು ಮೋರೆ ನೋಡಿ, ಕೇಳದೆಯೇ ಹಿಂದಿಯಲ್ಲಿ ನಿಲ್ದಾಣದ ದಾರಿ ಹೇಳಿ, ತಮ್ಮ ಡ್ರಮ್ಮಿನಿಂದ ತಣ್ಣೀರು ತುಂಬಿಸಿಕೊಟ್ಟ. ಇಡೀ ಪ್ರವಾಸದಲ್ಲಿ ನನಗೆ ಬೆಲೆಯಿಲ್ಲದೆ ಸಿಕ್ಕ ತಂಪು ಅದೊಂದೇ.

ಎತ್ತರದ ವಿಷಯವನ್ನು ಬೇಗ ಮುಗಿಸುತ್ತೇನೆ. 828 ಮೀಟರಿನ ಬುರ್ಜ್ ಖಲೀಫಾ 2010ರ ಜನವರಿ 4ರಂದು ಉದ್ಘಾಟನೆಯಾಯಿತು. ಕಟ್ಟುವಾಗ ಬುರ್ಜ್ ದುಬೈ ಎಂದಿದ್ದ ಹೆಸರನ್ನು ಅಂದು ಸಂಸ್ಥಾನಗಳ ಅಧ್ಯಕ್ಷರಾಗಿದ್ದ ಅಬುಧಾಬಿಯ ಶೇಖ್ ಖಲೀಫಾ ಅವರ ಗೌರವಾರ್ಥ ಬದಲಿಸಿದರು. 124ನೆಯ ಅಂತಸ್ತಿನ ವೀಕ್ಷಣಾಲಯಕ್ಕೆ ಲಿಫ್ಟು ಸುಮಾರು ಒಂದು ನಿಮಿಷದಲ್ಲಿ ಒಯ್ಯುತ್ತದೆ, ಆದರೆ ಲಿಫ್ಟಿನವರೆಗಿನ ಸಾಲು ನನ್ನ ಮುಕ್ಕಾಲು ಗಂಟೆ ತಿಂದಿತು. ಸೂರ್ಯಾಸ್ತದ ಹೊತ್ತಿನ ಟಿಕೆಟ್ಟಿಗೆ ಹೆಚ್ಚಿನ ದರವಿದೆ. ಅದನ್ನು ಕೊಡುವ ಅಗತ್ಯವಿಲ್ಲ, ಏಕೆಂದರೆ ಬೇಸಿಗೆಯ ಸಂಜೆಗಳಲ್ಲಿ ಸೂರ್ಯ ದಿಗಂತ ಮುಟ್ಟುವ ಮೊದಲೇ ಧೂಳಿನೊಳಗೆ ಕರಗಿಹೋಗುತ್ತಾನೆ. ನನಗೆ ಅಲ್ಲಿ ಹಿಡಿಸಿದ್ದು ನೋಟಕ್ಕಿಂತ ಎರಡು ಸಂಗತಿಗಳು. ರಂಜಾನ್ ಕಾಲದಲ್ಲಿ ಈ ಕಟ್ಟಡದ 80ನೆಯ ಅಂತಸ್ತಿನಿಂದ ಮೇಲಿರುವವರು ಎರಡು ನಿಮಿಷವೂ, 150ನೆಯ ಅಂತಸ್ತಿಗಿಂತ ಮೇಲಿರುವವರು ಮೂರು ನಿಮಿಷವೂ ತಡವಾಗಿ ಉಪವಾಸ ಬಿಡಬೇಕೆಂದು 2011ರಲ್ಲಿ ದುಬೈನ ಧರ್ಮಾಧಿಕಾರಿಗಳು ಹೇಳಿದರು. ಅಷ್ಟು ಎತ್ತರದಲ್ಲಿ ಸೂರ್ಯ ಅಷ್ಟು ಹೊತ್ತು ಹೆಚ್ಚಾಗಿ ಕಾಣುತ್ತಾನೆ. ಎರಡನೆಯದು, ಇಷ್ಟು ದೊಡ್ಡ ಕಟ್ಟಡವನ್ನು ತಣ್ಣಗಿಡುವಾಗ ಕೊಳವೆಗಳ ಮೇಲೆ ಹನಿಗಟ್ಟುವ ನೀರನ್ನು ಸಂಗ್ರಹಿಸಿ ಕೆಳಗಿನ ತೋಟಕ್ಕೆ ಹಾಯಿಸುತ್ತಾರೆ. ಅದು ವರ್ಷಕ್ಕೆ ಸುಮಾರು 1.5 ಕೋಟಿ ಗ್ಯಾಲನ್ ಆಗುತ್ತದಂತೆ. ಕಟ್ಟಡದ ಬೆವರಿನಿಂದ ಹುಲ್ಲು ಹಸಿರಾಗಿರುವ ಊರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪಕ್ಕದ ದುಬೈ ಮಾಲ್ 2008ರಿಂದ ಇದೆ. ಮೆಟ್ರೋದಿಂದ ಅಲ್ಲಿಗೆ ಎಸಿ ಇರುವ ಉದ್ದನೆಯ ಕೊಳವೆಯಂಥ ಸೇತುವೆಯಲ್ಲಿ ಹದಿನೈದು ನಿಮಿಷ ನಡೆಯಬೇಕು. ಒಳಗೆ ಮಂಜಿನ ಅಂಕಣವಿದೆ, ಮತ್ಸ್ಯಾಗಾರವಿದೆ, ಕೊಳ್ಳುವ ಶಕ್ತಿ ಇಲ್ಲದವನು ನೋಡುತ್ತ ನಡೆದರೆ ಕಾಲು ನೋಯುವುದೂ ಇದೆ. ಮಾಲ್ ಆಫ್ ದಿ ಎಮಿರೇಟ್ಸ್‌ನ ಒಳಗೆ 2005ರಲ್ಲಿ ತೆರೆದ ಸ್ಕೀ ದುಬೈಯಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗಿರುತ್ತದೆ. 400 ಮೀಟರ್ ಉದ್ದದ ಹಿಮದ ಇಳಿಜಾರಿದೆ, ಪೆಂಗ್ವಿನ್‌ಗಳೂ ಇವೆ. ಗಾಜಿನ ಹೊರಗೆ ನಿಂತು ಉಚಿತವಾಗಿ ನೋಡಬಹುದು. ನಾನು ಹಾಗೆಯೇ ನೋಡಿದೆ. ತಂಪನ್ನು ಮಾರುವ ಕಸುಬು ಇಲ್ಲಿ ತನ್ನನ್ನು ತಾನೇ ಅಣಕಿಸಿಕೊಳ್ಳುವ ಮಟ್ಟ ಮುಟ್ಟಿದೆ ಎನ್ನಿಸಿ ಒಳಗೆ ಹೋಗುವ ಉತ್ಸಾಹ ಉಳಿಯಲಿಲ್ಲ. ಮಕ್ಕಳೊಂದಿಗೆ ಹೋದವರ ಅಭಿಪ್ರಾಯ ಖಂಡಿತ ಬೇರೆ ಇರುತ್ತದೆ.

ವಿದ್ಯುತ್ತಿಲ್ಲದ ಕಾಲದಲ್ಲಿ ಈ ಜನ ಹೇಗೆ ಬದುಕಿದರು ಎಂಬ ಪ್ರಶ್ನೆ ಇದ್ದವರು ಬರ್ ದುಬೈನ ಅಲ್ ಫಹೀದಿ ಬಡಾವಣೆಗೆ ಹೋಗಬೇಕು. ಹಳಬರು ಅದನ್ನು ಈಗಲೂ ಬಸ್ತಾಕಿಯಾ ಎನ್ನುತ್ತಾರೆ. ಕಳೆದ ಶತಮಾನದ ಆರಂಭದಲ್ಲಿ ಇರಾನಿನ ಕರಾವಳಿಯ ಬಂದರುಗಳಲ್ಲಿ ಸುಂಕ ಏರಿದಾಗ, ದುಬೈನ ದೊರೆ ತನ್ನ ಬಂದರಿನ ಸುಂಕವನ್ನು ತೆಗೆದುಹಾಕಿದ. ಬಸ್ತಕ್ ಎಂಬ ಊರಿನ ಕಡೆಯ ವ್ಯಾಪಾರಿಗಳು ಈಚೆ ದಡಕ್ಕೆ ಬಂದು ಮನೆ ಕಟ್ಟಿಕೊಂಡರು. ಹವಳದ ಕಲ್ಲು, ಜಿಪ್ಸಂ ಗಾರೆ, ಪೂರ್ವ ಆಫ್ರಿಕಾದಿಂದ ತಂದ ಕಾಂಡ್ಲಾ ಮರದ ತೊಲೆಗಳು ಈ ಮನೆಗಳ ಸಾಮಗ್ರಿ. ಮನೆಯ ಮೇಲೆ ನಾಲ್ಕು ಮೂಲೆಯ ಗೋಪುರವೊಂದು ಎದ್ದು ನಿಂತಿರುತ್ತದೆ. ಅದಕ್ಕೆ ಬರ್ಜೀಲ್ ಎಂದು ಹೆಸರು. ಗೋಪುರ ನಾಲ್ಕೂ ದಿಕ್ಕಿಗೆ ತೆರೆದಿದ್ದು, ಒಳಗೆ ಕರ್ಣಾಕಾರದ ಎರಡು ಗೋಡೆಗಳು ಅದನ್ನು ನಾಲ್ಕು ಕೊಳವೆಗಳಾಗಿ ಸೀಳಿರುತ್ತವೆ. ಗಾಳಿ ಯಾವ ದಿಕ್ಕಿನಿಂದ ಬಂದರೂ ಒಂದು ಕೊಳವೆ ಅದನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ, ಎದುರಿನ ಕೊಳವೆಯಿಂದ ಕೋಣೆಯ ಬಿಸಿಗಾಳಿ ಮೇಲೇರಿ ಹೊರಟುಹೋಗುತ್ತದೆ.

ಪುಸ್ತಕದಲ್ಲಿ ಓದಿದ್ದನ್ನು ಪರೀಕ್ಷಿಸಲು ಮಧ್ಯಾಹ್ನ ಮೂರಕ್ಕೆ ಅಂಥ ಒಂದು ಕೋಣೆಯಲ್ಲಿ ಗೋಪುರದ ಕೆಳಗೇ ನಿಂತೆ. ಎಸಿಯ ಚಳಿ ಅಲ್ಲಿಲ್ಲ. ಬೆವರಿದ ಕುತ್ತಿಗೆಯ ಮೇಲೆ ಯಾರೋ ಮೆಲ್ಲಗೆ ಬೀಸಣಿಗೆ ಆಡಿಸಿದಷ್ಟು ಗಾಳಿ ಮಾತ್ರ ಇಳಿಯುತ್ತಿತ್ತು. ಅದು ಸಾಕಾಗಿತ್ತು ಎಂದು ಹೇಳಿದರೆ ಸುಳ್ಳಾದೀತು, ಹಾಗೆಂದು ಕಟ್ಟುಕತೆಯೂ ಅಲ್ಲ. ಹೆಚ್ಚಿನ ಉಪಕಾರ ಮಾಡುವುದು ಹೊರಗಿನ ಓಣಿಗಳು. ಸಿಕ್ಕಾ ಎಂದು ಕರೆಯುವ ಈ ಓಣಿಗಳಲ್ಲಿ ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕು. ಎತ್ತರದ ಗೋಡೆಗಳ ನಡುವೆ ಹಗಲಿನ ಬಹುಪಾಲು ನೆರಳೇ ಇರುತ್ತದೆ. ಕಾರು ಹೋಗದಷ್ಟು ಕಿರಿದಾದ ಕಾರಣಕ್ಕೇ ಅವು ತಂಪಾಗಿವೆ, ಇಡೀ ನಗರದಲ್ಲಿ ಬೇಸಿಗೆಯ ಹಗಲಿನಲ್ಲಿ ನಾನು ನೆಮ್ಮದಿಯಿಂದ ಒಂದು ಗಂಟೆ ನಡೆದದ್ದು ಇಲ್ಲಿ ಮಾತ್ರ. 1980ರ ದಶಕದಲ್ಲಿ ಈ ಬಡಾವಣೆಯ ಒಂದು ಭಾಗವನ್ನು ಕೆಡವಿ ಸರಕಾರಿ ಕಟ್ಟಡ ಕಟ್ಟಿದರು. ಉಳಿದದ್ದನ್ನು ದುರಸ್ತಿ ಮಾಡಿ ಗ್ಯಾಲರಿ, ಕಾಫಿ ಸಂಗ್ರಹಾಲಯ, ಸಣ್ಣ ಹೋಟೆಲುಗಳನ್ನಾಗಿ ಮಾಡಿದ್ದಾರೆ. ದುರಸ್ತಿ ಅತಿಯಾಗಿ ಚೊಕ್ಕಟವಾಗಿದೆ, ಗೋಡೆಯ ಮೇಲೆ ಒಂದು ಕೈಗುರುತೂ ಇಲ್ಲ. ಜನ ಸಂಸಾರ ಮಾಡದ ಮನೆಗಳ ಮೌನ ಅಲ್ಲಿದೆ. ಪ್ರವೇಶಕ್ಕೆ ಶುಲ್ಕವಿಲ್ಲ.

ಓಣಿ ದಾಟಿ ಸ್ವಲ್ಪ ನಡೆದರೆ ಖೋರ್, ಅಂದರೆ ದುಬೈ ಹುಟ್ಟಿದ ಕಡಲಿನ ಕಾಲುವೆ. ಮುತ್ತು ಹೆಕ್ಕಿ ಬದುಕಿದ್ದ ಈ ಊರು 1930ರ ದಶಕದಲ್ಲಿ ಜಪಾನಿನ ಕೃಷಿ ಮುತ್ತುಗಳ ಮುಂದೆ ಕುಸಿಯಿತು. ಹೂಳು ತುಂಬಿ ಹಡಗು ಬರದಂತಾಗುತ್ತಿದ್ದ ಖೋರನ್ನು 1961ರ ಹೊತ್ತಿಗೆ ಅಂದಿನ ದೊರೆ ಶೇಖ್ ರಶೀದ್ ಸಾಲ ಮಾಡಿ ಅಗೆಸಿದರು. ಎಣ್ಣೆ ಸಿಕ್ಕಿದ್ದು ಅದಾದ ಮೇಲೆ, 1966ರಲ್ಲಿ. ದುಬೈ ಎಂದರೆ ಎಣ್ಣೆಯ ಹಣ ಎಂದು ಸಲೀಸಾಗಿ ಹೇಳುವವರು ಈ ಎರಡು ವರ್ಷಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಬೇಕು. 1968ರ ಗಣತಿಯಲ್ಲಿ ಇಲ್ಲಿದ್ದವರು ಸುಮಾರು 59,000 ಮಂದಿ. ಇಂದು 35 ಲಕ್ಷ ದಾಟಿದ್ದಾರೆ.

ಖೋರನ್ನು ದಾಟಿಸುವ ಅಬ್ರಾ ಎಂಬ ಮರದ ದೋಣಿಗೆ ಒಂದು ದಿರ್ಹಂ. ಈ ಊರಿನಲ್ಲಿ ಒಂದು ದಿರ್ಹಂಗೆ ಸಿಗುವ ವಸ್ತುಗಳ ಪಟ್ಟಿ ಬಹಳ ಚಿಕ್ಕದು, ಅದರಲ್ಲಿ ಇದು ಮೊದಲನೆಯದು. ದೋಣಿಯ ನಡುವೆ ಉದ್ದನೆಯ ಹಲಗೆ, ಮೇಲೆ ಬಟ್ಟೆಯ ಚಪ್ಪರ, ಮಧ್ಯದ ಗುಳಿಯಲ್ಲಿ ನಿಂತು ಎಂಜಿನ್ ನಡೆಸುವ ಅಂಬಿಗ. ಟಿಕೆಟ್ಟಿಲ್ಲ, ಕಾರ್ಡಿಲ್ಲ, ನಡುನೀರಿಗೆ ಬಂದಾಗ ನಾಣ್ಯವನ್ನು ಅವನ ಕೈಗೆ ದಾಟಿಸುತ್ತಾರೆ. ಐದು ನಿಮಿಷದ ಆ ಪಯಣದಲ್ಲಿ ಬೀಸುವ ಗಾಳಿ ಬಿಸಿಯೇ, ಆದರೆ ಬೀಸುತ್ತದೆ. ಎದುರು ಕುಳಿತಿದ್ದ ಸಿಂಧಿ ಮುದುಕರೊಬ್ಬರು, ತಾವು ಹುಡುಗನಾಗಿ ಬಂದಾಗ ಇಲ್ಲಿ ನಡೆಯುತ್ತಿದ್ದದ್ದು ರೂಪಾಯಿ ಎಂದರು. ಅದು ನಿಜ. ದಿರ್ಹಂ ಬಂದದ್ದು 1973ರಲ್ಲಿ. ಅದಕ್ಕೆ ಮೊದಲು ಭಾರತದ ರೂಪಾಯಿಯೂ, 1959ರಿಂದ 1966ರವರೆಗೆ ಕೊಲ್ಲಿ ದೇಶಗಳಿಗೆಂದೇ ನಮ್ಮ ರಿಸರ್ವ್ ಬ್ಯಾಂಕು ಅಚ್ಚು ಹಾಕಿಸಿದ ಪ್ರತ್ಯೇಕ ರೂಪಾಯಿಯೂ ಈ ದಡಗಳಲ್ಲಿ ಕೈ ಬದಲಿಸುತ್ತಿದ್ದವು.

ಆಚೆ ದಡದ ದೇರಾದಲ್ಲಿ ಮಸಾಲೆ ಪೇಟೆ ಮತ್ತು ಚಿನ್ನದ ಪೇಟೆ ಇವೆ. ಮರದ ಮಾಡಿನ ಕೆಳಗೆ ಸಾಲು ಅಂಗಡಿಗಳು. ಒಂದರ ಮುಂದೆ 64 ಕಿಲೋ ತೂಗುವ, ನಜ್ಮತ್ ತೈಬಾ ಎಂಬ ಹೆಸರಿನ ಉಂಗುರವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಯಾವ ಬೆರಳಿಗೆ ಎಂದು ಕೇಳಬಾರದು. ಚಿನ್ನದ ದಿನದ ದರ ಎಲ್ಲ ಅಂಗಡಿಗಳಲ್ಲೂ ಒಂದೇ, ಚೌಕಾಸಿಗೆ ಜಾಗವಿರುವುದು ಮಜೂರಿಯಲ್ಲಿ ಮಾತ್ರ ಎಂಬುದನ್ನು ತಿಳಿದು ಹೋದರೆ ಸಮಯ ಉಳಿಯುತ್ತದೆ. ಮಸಾಲೆ ಪೇಟೆಯಲ್ಲಿ ಇರಾನಿನ ಕೇಸರಿಗೂ ಒಣಗಿದ ಕಪ್ಪು ನಿಂಬೆಗೂ ಮೊದಲು ಹೇಳಿದ ಬೆಲೆಯ ಅರ್ಧದಿಂದ ಮಾತು ಶುರು ಮಾಡಬಹುದು. ಕೈಚೀಲ, ಗಡಿಯಾರ ಎಂದು ಬೆನ್ನು ಹತ್ತುವವರ ಕಾಟ ಅತಿಯಾಗಿದೆ. ಅವರು ಮುಖ ನೋಡಿಯೇ ಹಿಂದಿಯೋ ಮಲಯಾಳವೋ ಎಂದು ನಿರ್ಧರಿಸುತ್ತಾರೆ, ನನಗೆ ಎರಡರಲ್ಲೂ ಉಪಚಾರ ನಡೆಯಿತು.

ಊಟಕ್ಕೆ ಮೂರು ರಾತ್ರಿ ಕರಾಮಾ ಬಡಾವಣೆಗೆ ಹೋದೆ. ಮಾಲ್‌ಗಳ ಆಹಾರಾಂಗಣದಲ್ಲಿ ಒಬ್ಬರ ಊಟಕ್ಕೆ ಕೊಡುವ ಹಣದಲ್ಲಿ ಇಲ್ಲಿ ಇಬ್ಬರು ಹೊಟ್ಟೆತುಂಬ ಉಣ್ಣಬಹುದು. ಮಲಬಾರಿನ ಪರೋಟ, ಪಾಕಿಸ್ತಾನದ ನಿಹಾರಿ, ಫಿಲಿಪೀನ್ಸಿನ ಸಾರು, ಕರಾವಳಿಯ ನೀರುದೋಸೆ ಮತ್ತು ಮೀನು ಒಂದೇ ಬೀದಿಯಲ್ಲಿ ಸಿಗುತ್ತವೆ. ಪಕ್ಕದ ಮೇಜಿನಿಂದ ತುಳುವೂ ಕನ್ನಡವೂ ಕೇಳಿಬಂದಾಗ ತಲೆ ತಿರುಗಿಸದೆ ಇರುವುದು ಕಷ್ಟ. ಈ ಮಣ್ಣಿನದೇ ರುಚಿ ಬೇಕೆಂದರೆ ಒಣ ನಿಂಬೆಯ ಪರಿಮಳದ ಮಚ್ಬೂಸ್ ಅನ್ನವನ್ನೂ, ಖರ್ಜೂರದ ಪಾಕ ಸುರಿದ ಲುಕೈಮಾತ್ ಎಂಬ ಕರಿದ ಉಂಡೆಗಳನ್ನೂ ಕೇಳಬೇಕು. ಗಟ್ಟಿ ಹಾಲಿಗೆ ಏಲಕ್ಕಿ ಹಾಕಿ ಕುದಿಸುವ ಕರಕ್ ಚಹಾವಂತೂ ಬೀದಿಬೀದಿಯಲ್ಲಿ ಸಿಗುತ್ತದೆ. ಗಿರಾಕಿಗಳು ಕಾರಿನಿಂದ ಇಳಿಯದೆ ಹಾರ್ನ್ ಒತ್ತುತ್ತಾರೆ, ಹುಡುಗ ಓಡಿಬಂದು ಲೋಟ ಕೊಟ್ಟು ಹೋಗುತ್ತಾನೆ. ಚಹಾ ಕುಡಿಯುವುದಕ್ಕೂ ಎಸಿ ಬಿಟ್ಟು ಹೊರಬರಬೇಕಾಗಿಲ್ಲ.

ಮರುಭೂಮಿ ಸಫಾರಿಯೇ ಈ ಪ್ರವಾಸದ ದುರ್ಬಲ ಭಾಗ. ನಾನು ಗೊತ್ತುಮಾಡಿದ್ದ ಸಂಸ್ಥೆಯ ಗಾಡಿ ಒಂದು ಗಂಟೆ ತಡವಾಗಿ ಬಂತು. ಬರುವಾಗಲೇ ಅದರಲ್ಲಿ ಆರು ಮಂದಿ ಇದ್ದರು. ದಾರಿಯಲ್ಲಿ ಅಂಗಡಿಯೊಂದರ ಮುಂದೆ ಮುಕ್ಕಾಲು ಗಂಟೆ ನಿಲ್ಲಿಸಿ, ಜಾಹೀರಾತಿನಲ್ಲಿ ಎಲ್ಲೂ ಹೇಳದಿದ್ದ ನಾಲ್ಕು ಚಕ್ರದ ಬೈಕುಗಳನ್ನು ಬಾಡಿಗೆಗೆ ಹಿಡಿಯಲು ಒತ್ತಾಯಿಸಿದರು. ಟೈರಿನ ಗಾಳಿ ಇಳಿಸಿ ದಿಬ್ಬಗಳ ಮೇಲೆ ಗಾಡಿ ಹಾರಿಸುವ ಆಟ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು, ನಂತರದ ಶಿಬಿರದಲ್ಲಿ ಕರ್ಕಶ ಧ್ವನಿವರ್ಧಕ ಮತ್ತು ಆರಿದ ಅನ್ನ. ಒಂದೇ ಒಂದು ಗಳಿಗೆ ಮಾತ್ರ ಹಣಕ್ಕೆ ಸರಿದೂಗಿತು: ಚಾಲಕ ಎಂಜಿನ್ ನಿಲ್ಲಿಸಿ, ಒಂಟಿಯಾಗಿ ನಿಂತಿದ್ದ ಗಾಫ್ ಮರವನ್ನು ತೋರಿಸಿ, ಇದರ ಬೇರು ನೆಲದಾಳದ ನೀರನ್ನು ಹುಡುಕಿಕೊಂಡು ಹೋಗುತ್ತದೆ ಎಂದಾಗ, ಹಿಡಿಯಷ್ಟು ಎಲೆಯ ಆ ನೆರಳಿನಲ್ಲಿ ಎರಡು ಒಂಟೆಗಳು ಮಲಗಿದ್ದವು. ಗಾಫ್ ಈ ದೇಶದ ರಾಷ್ಟ್ರೀಯ ವೃಕ್ಷ. ಮರಳನ್ನೇ ನೋಡಬೇಕೆನ್ನುವವರು ಅಗ್ಗದ ಗುಂಪು ಸಫಾರಿ ಬಿಟ್ಟು, ಸ್ವಲ್ಪ ಹೆಚ್ಚು ಕೊಟ್ಟಾದರೂ ಆರಿಕ್ಸ್ ಜಿಂಕೆಗಳನ್ನು ಸಾಕಿರುವ 225 ಚದರ ಕಿಲೋಮೀಟರಿನ ಸಂರಕ್ಷಿತ ಮರುಭೂಮಿಗೆ ಹೋಗುವುದು ಮೇಲು.

ಹೋಟೆಲಿನ ಬಗ್ಗೆ ಎರಡೇ ಮಾತು. ಕಾಯ್ದಿರಿಸುವಾಗ ಕಂಡ ದರವೇ ಅಂತಿಮವೆಂದು ನಂಬಬಾರದು. 5 ಪ್ರತಿಶತ ವ್ಯಾಟ್ ಮತ್ತು ಇತರ ಶುಲ್ಕಗಳಲ್ಲದೆ, ಹೋಟೆಲಿನ ದರ್ಜೆಗೆ ತಕ್ಕಂತೆ ಕೋಣೆಗೆ ರಾತ್ರಿಯೊಂದಕ್ಕೆ 7ರಿಂದ 20 ದಿರ್ಹಂವರೆಗೆ ಪ್ರವಾಸಿ ಶುಲ್ಕವನ್ನು ಅಲ್ಲಿಯೇ ಕಟ್ಟಬೇಕಾಗುತ್ತದೆ. ಕೋಣೆಯ ಎಸಿಯನ್ನು ಆರಿಸಲು ಪ್ರಯತ್ನಿಸಿ ಸೋತೆ. ನಲ್ಲಿಯಲ್ಲಿ ತಣ್ಣೀರಿನ ಕಡೆಗೆ ತಿರುಗಿಸಿದರೂ ಹಗಲಿಡೀ ಬಿಸಿನೀರೇ ಬರುತ್ತದೆ. ಕಡಲಿನಿಂದ ಉಪ್ಪು ತೆಗೆದು ಕಳಿಸಿದ ನೀರು ಮಾಡಿನ ಮೇಲಿನ ಟ್ಯಾಂಕಿನಲ್ಲಿ ಕಾದಿರುತ್ತದೆ. ದೇರಾದ ಹಳೆಯ ಹೋಟೆಲುಗಳಲ್ಲಿ ತಂಗುವವರು ಬೆಳಗ್ಗೆ ಆರಕ್ಕೇ ಸ್ನಾನ ಮುಗಿಸಿಕೊಳ್ಳಬೇಕು.

ಒಟ್ಟಿನಲ್ಲಿ, ಗೋಪುರಗಳಿಗೆ ಒಂದು ದಿನ, ಖೋರಿನ ಎರಡು ದಡಗಳಿಗೆ ಎರಡು ದಿನ ಇಟ್ಟುಕೊಂಡರೆ ಸಾಕು; ನಾನು ಅದನ್ನು ತಿರುವುಮುರುವು ಮಾಡಿ ಒಂದು ದಿನ ಕಳೆದುಕೊಂಡೆ. ಕೊನೆಯ ಸಂಜೆ ವಿಮಾನಕ್ಕೆ ಇನ್ನೂ ಐದು ಗಂಟೆ ಇತ್ತು. ಮಾಲ್‌ನಲ್ಲಿ ಕುಳಿತು ಕಾಯಬಹುದಿತ್ತು, ತಣ್ಣಗೂ ಇರುತ್ತಿತ್ತು. ಬದಲಿಗೆ ಬರ್ ದುಬೈ ದಡಕ್ಕೆ ಹೋಗಿ ಜೇಬಿನಲ್ಲಿದ್ದ ಚಿಲ್ಲರೆ ಎಣಿಸಿದೆ: ಏಳು ದಿರ್ಹಂ. ದೇರಾಕ್ಕೆ ಹೋದೆ, ಬಂದೆ, ಮತ್ತೆ ಹೋದೆ. ದೀಪಗಳು ಹೊತ್ತಿದವು, ಮಸೀದಿಯಿಂದ ಬಾಂಗ್ ಕೇಳಿತು, ಫ್ರಿಜ್ಜು ಮತ್ತು ಟೈರುಗಳನ್ನು ಹೇರಿಕೊಂಡ ಮರದ ಹಡಗೊಂದು ಕಡಲಿನ ಕಡೆಗೆ ಮೆಲ್ಲಗೆ ಸರಿಯಿತು. ನಾಲ್ಕನೆಯ ಸಲ ಹತ್ತಿದಾಗ ಅಂಬಿಗ ನನ್ನನ್ನು ಗುರುತಿಸಿ, ಆಚೆ ದಡದಲ್ಲಿ ಏನಾದರೂ ಕಳೆದುಕೊಂಡಿದ್ದೀಯಾ ಎಂದು ಬಂಗಾಳಿ ಬೆರೆತ ಹಿಂದಿಯಲ್ಲಿ ಕೇಳಿದ. ಗಾಳಿಗೆ ಬಂದೆ ಎಂದೆ. ಅವನು ನಕ್ಕು, ಹಲಗೆಯ ತುದಿಯಲ್ಲಿ ಹೆಚ್ಚು ಗಾಳಿ ಬರುತ್ತದೆ ಎಂದು ಕೈತೋರಿಸಿ ಕೂರಿಸಿದ. ನಡುನೀರಿನಲ್ಲಿ ನಾಣ್ಯವನ್ನು ಮಾತ್ರ ಮರೆಯದೆ ತೆಗೆದುಕೊಂಡ.